ಅತ್ತೆ ಭಾರಿ ರೂಢಿ

ನಮ್ಮ ಅತ್ತೆಯ ಅಡುಗೆಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ, ಒಂದು ಹಿಟ್ಟಿನ ದೊಣ್ಣೆ ತೂಗಿಕೊಂಡಿರುತ್ತದೆ. ರಾಗಿಮುದ್ದೆಯನ್ನು ನಮ್ಮ ಸೀಮೆಯಲ್ಲಿ ಹಿಟ್ಟು ಎಂದೇ ಕರೆಯುವುದರಿಂದ ಅದನ್ನು ತೊಳಸುವ ಕೋಲಿಗೂ ಆ ಹೆಸರು. ಕಾಣದವರಿಗಾಗಿ ಹೇಳುವುದಾದರೆ, ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಹಿಡಿತಕ್ಕೆ ತಕ್ಕ ದಪ್ಪ. ಯಾವುದಾದರೂ ಪೊಲೀಸು ಠಾಣೆಯ ಮೂಲೆಯಲ್ಲಿ ಒರಗಿಸಿಟ್ಟರೆ ಅಲ್ಲಿಯದೇ ಸೊತ್ತು ಎನ್ನಿಸುವಂಥ ರೂಪ. ಹಿಡಿಯುವ ಕಡೆ ಮಾತ್ರ ಅತ್ತೆಯ ಅಂಗೈ ಸವೆಸಿ ಸವೆಸಿ, ಮಗುವಿನ ಕೆನ್ನೆಯಷ್ಟು ನುಣುಪು. ಯಾವ ಮರದ್ದೆಂದು ಕೇಳಿದರೆ ಅತ್ತೆ ಒಮ್ಮೆ ಹುಣಿಸೆ ಎನ್ನುತ್ತಾಳೆ, ಇನ್ನೊಮ್ಮೆ ಜಾಲಿ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಅದು ಕಡುಗಪ್ಪು. ಮೊನ್ನೆ ಕೈಗೆತ್ತಿಕೊಂಡು ನೋಡಿದರೆ ಜೇನಿನ ಬಣ್ಣ. ಮರಕ್ಕೆ ಬಣ್ಣ ಬದಲಿಸುವ ಚಟವಿಲ್ಲ, ನೆನಪಿಗಿದೆ. ಆದ್ದರಿಂದ ಮುಂದೆ ನಾನು ಹೇಳುವುದನ್ನೆಲ್ಲ, ಓದುವ ಗೆಳೆಯರೇ, ಅಷ್ಟು ರಿಯಾಯಿತಿ ಕೊಟ್ಟೇ ಕೇಳಿಸಿಕೊಳ್ಳಿ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಜವರಮ್ಮ. ನಾಗಮಂಗಲದ ನಮ್ಮ ಮನೆಯಿಂದ ಪಾಂಡವಪುರದ ಹತ್ತಿರದ ನಾಲೆಯ ಬಯಲಿನ ಹಳ್ಳಿಗೆ ಮದುವೆಯಾಗಿ ಹೋದವಳು. ಕಬ್ಬು, ಭತ್ತ, ಎರಡು ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ಇದು ಅವಳ ಲೋಕ. ಅವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯದೆ ಹೋದಾಗ, ಕರೆದೊಯ್ಯುವ ಜವರಾಯನ ಹೆಸರನ್ನೇ ಇಟ್ಟರೆ ಅವನು ನಾಚಿಕೊಂಡು ಬಿಟ್ಟುಹೋದಾನು ಎಂದು ಅಜ್ಜಿ ಹಾಗೆ ಹೆಸರಿಟ್ಟಳಂತೆ. ಕರುಣೆಯಿಲ್ಲದ ದೇವರ ಹೆಸರನ್ನು ಇಷ್ಟು ಕರುಣೆಗಾಗಿ ಇಟ್ಟುಕೊಂಡವರು ನಾವು. ಬೇಸಿಗೆ ರಜೆಗೆ ನಾನೂ ನನ್ನ ಅಣ್ಣನೂ ಅತ್ತೆಯ ಮನೆಗೆ ಹೋಗುತ್ತಿದ್ದೆವು. ತಟ್ಟೆಯ ಮುಂದೆ ಕೂತು ನಾವು ಮುದ್ದೆಯನ್ನು ಗಿಲ್ಲುತ್ತ ಆಟವಾಡುತ್ತಿದ್ದರೆ ಅವಳು ಆಗಷ್ಟೇ ತೊಳಸಿದ ದೊಣ್ಣೆಯನ್ನು, ಹಬೆಯಾಡುವ ಹಿಟ್ಟು ಇನ್ನೂ ಅಂಟಿರುವಂತೆಯೇ, ಎತ್ತಿ ಹಿಡಿದು ಗದರುತ್ತಿದ್ದಳು: "ಉಂಡೀರೋ, ಇಲ್ಲ ಬೆನ್ ಮ್ಯಾಲೆ ಇದ್ರಲ್ಲಿ ಇನ್ನೊಂದು ಮುದ್ದೆ ಕಟ್ಲೋ!" ಒಂದು ದಿನವೂ ಯಾರಿಗೂ ಹೊಡೆದದ್ದಿಲ್ಲ ಎಂಬುದು ನನ್ನ ನೆನಪು. ಅಣ್ಣ ಮಾತ್ರ ತನ್ನ ಮೀನಖಂಡಕ್ಕೆ ಒಂದು ಬಿದ್ದಿತ್ತು, ಬಿಸಿಯಿತ್ತು, ಆಮೇಲೆ ಅತ್ತೆಯೇ ಬೆಣ್ಣೆ ಸವರಿದಳು ಎಂದು ಇಂದಿಗೂ ಪ್ರಮಾಣ ಮಾಡುತ್ತಾನೆ. ನಾನು ಅಂದಿನಿಂದ ಇಂದಿನವರೆಗೆ ದಿನಚರಿ ಬರೆಯುವವಳು, ಆ ಬೇಸಿಗೆಯ ಪುಟ ತೆರೆದು ನೋಡಿದರೆ "ಹುರುಳಿ ಬಸ್ಸಾರು. ತುಂಬ ಸೆಕೆ" ಎಂದಷ್ಟೇ ಇದೆ. ನಡೆದದ್ದನ್ನು ಬಿಟ್ಟು ಉಂಡದ್ದನ್ನು ಬರೆದಿಡುವ ಈ ಅಭ್ಯಾಸ ನನಗೆ ಯಾರಿಂದ ಬಂತೋ ತಿಳಿಯದು.

ಅತ್ತೆಯ ಮುಖ ಯಾವಾಗಲೂ ಗಂಟಿಕ್ಕಿದ್ದೇ. ಅವಳ ಮುದ್ದೆಯಲ್ಲಿ ಮಾತ್ರ ಎಂದೂ ಒಂದು ಗಂಟಿರುತ್ತಿರಲಿಲ್ಲ. ಬೈಗುಳ ಅವಳ ಬಾಯಲ್ಲಿ ಉಸಿರಿನಷ್ಟು ಸಹಜ. ಅವುಗಳಲ್ಲಿ ರಾಜ ಎಂದರೆ, "ನಿನ್ ಮನೆ ಕಾಯೋಗ!" ಬಿದ್ದು ಮಂಡಿ ತರಚಿಕೊಂಡು ಬಂದರೆ ಅರಿಸಿನ ಒತ್ತುತ್ತ ಅದೇ ಮಾತು; ಪರೀಕ್ಷೆಯಲ್ಲಿ ಮೊದಲು ಬಂದೆನೆಂದು ಹೇಳಿದಾಗಲೂ ಬಾಯಿಗೆ ಬೆಲ್ಲ ತುರುಕುತ್ತ ಅದೇ ಮಾತು. ಈ ಮಾತು ಶಾಪವೋ ಹರಕೆಯೋ ಎಂಬುದು ನನಗೆ ಬಹಳ ಕಾಲ ಬಿಡಿಸಲಾಗದ ಒಗಟಾಗಿತ್ತು. ಕಾಯುವುದು ಎಂದರೆ ಬಿಸಿಯಾಗುವುದು, ಬೇಗೆಯಲ್ಲಿ ಬೇಯುವುದು. ಕಾಯುವುದು ಎಂದರೆ ರಕ್ಷಿಸುವುದು, ಎಚ್ಚರವಿದ್ದು ನೋಡಿಕೊಳ್ಳುವುದು. ಕಾಯುವುದು ಎಂದರೆ ಯಾರದೋ ದಾರಿ ನೋಡುತ್ತ ಕೂರುವುದೂ ಹೌದು. ನಿನ್ನ ಮನೆ ಸುಟ್ಟುಹೋಗಲಿ ಎಂದು ಬಾಯಿಬಿಡುವ ಹೊತ್ತಿಗೆ ಎದೆಯೊಳಗಿನ ಯಾರೋ ಅದನ್ನು ನಿನ್ನ ಮನೆಯನ್ನು ದೇವರು ಕಾಯಲಿ ಎಂದು ತಿರುಗಿಸಿಬಿಡುವಂಥ ಈ ಜಾಣ ಮಾತನ್ನು ಕಟ್ಟಿದ ಪುಣ್ಯಾತ್ಮರು ಯಾರೋ. ವಿದ್ವಾಂಸರು ಇದಕ್ಕೆ ಬೇರೆಯೇ ಮೂಲ ಹೇಳಿಯಾರು. ನನಗೆ ಸದ್ಯಕ್ಕೆ ಇದು ಸಾಕು.

ಮುಂದೆ ಮೈಸೂರಿಗೆ ಹೋಗಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದೆ. ಆ ಭಾಷೆಯಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಕೆಟ್ಟವರಿಗೂ ಕಠಿಣರಿಗೂ ಅಲ್ಲಿರುವ ಪದಗಳ ಸಮೃದ್ಧಿ. ನಮ್ಮಲ್ಲಿ ಕಟುಕ, ನಿರ್ದಯಿ, ಕಲ್ಲೆದೆಯವರು ಎಂದು ಕೆಲವೇ ಪದಗಳಲ್ಲಿ ಮುಗಿಯುವ ಕೆಲಸಕ್ಕೆ ಅಲ್ಲಿ ಒಂದು ಸಂತೆಯೇ ನೆರೆದಿತ್ತು. ಕ್ರೂಯೆಲ್ ಬೇರೆ, ಹಾರ್ಷ್ ಬೇರೆ. ನೋಯಿಸಬೇಕೆಂದೇ ನೋಯಿಸುವವರಿಗೆ ಒಂದು, ನೋಯಿಸಿದ್ದು ಗೊತ್ತೇ ಆಗದವರಿಗೆ ಇನ್ನೊಂದು, ಗೊತ್ತಾದರೂ ಏನೂ ಅನ್ನಿಸದವರಿಗೆ ಮತ್ತೊಂದು. ರೂತ್‌ಲೆಸ್ ಎಂಬ ಪದವಂತೂ ವಿಚಿತ್ರ: ರೂತ್ ಎಂದರೆ ಕನಿಕರವಂತೆ, ಆದರೆ ಆ ಕನಿಕರವನ್ನು ಮಾತಿನಲ್ಲಿ ಬಳಸುವವರು ಈಗ ಯಾರೂ ಇಲ್ಲ, ಅದು ಇಲ್ಲದಿರುವುದನ್ನು ಹೇಳುವ ಪದವೊಂದೇ ಉಳಿದಿದೆ, ಹೂವು ಮುಗಿದ ಮೇಲೂ ಮುಳ್ಳು ಹಸಿರಾಗಿರುವ ಹಾಗೆ. ಬಳೆಗಾರನ ಮುಂದೆ ಕೈಚಾಚಿ ಕೂತವಳಂತೆ ನಾನು ಒಂದೊಂದೇ ಪದವನ್ನು ಅತ್ತೆಯ ಕೈಗೆ ಏರಿಸಿ ನೋಡಿದೆ. ಕೆಲವು ಗೆಣ್ಣಿನ ಬಳಿಯೇ ಸಿಕ್ಕಿಕೊಂಡವು, ಕೆಲವು ಸಡಿಲವಾಗಿ ಜಾರಿಬಿದ್ದವು, ಒಂದೂ ಕೂಡಲಿಲ್ಲ.

ಕೂಡದಿರಲು ಕಾರಣ ಏನಿರಬಹುದೆಂದು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ ಮೇಲೆ ಕೊಂಚ ಕೊಂಚ ಹೊಳೆಯತೊಡಗಿತು. ಒಮ್ಮೆ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತ, ಅಜ್ಜಿ ತನ್ನನ್ನು "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುವುದನ್ನು ನಿನ್ನ ಹೊಟ್ಟೆ ಕೋಲ್ಡ್ ಆಗಲಿ ಎಂದು ಮಾಡಿದ್ದಳು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬರುವ ಬಸ್ಸಿನಲ್ಲಿ ಮಾತ್ರ ನಗು ನಿಂತುಹೋಗಿ ಯೋಚನೆ ಹತ್ತಿತು. ಹಿಮ ಬೀಳುವ ನಾಡಿನವರಿಗೆ ತಣ್ಣಗಿರುವ ಮನುಷ್ಯ ಎಂದರೆ ಪ್ರೀತಿಯಿಲ್ಲದವನು. ಅವರು ಬೆಚ್ಚಗೆ ಸ್ವಾಗತಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ಪಾಂಡವಪುರದ ಕಲ್ಲುಗುಡ್ಡಗಳ ಕೆಳಗೆ ನಡೆದು ಬಂದವರಿಗೆ ತಣ್ಣಗಿನದಕ್ಕಿಂತ ದೊಡ್ಡ ದಯೆ ಬೇರೊಂದಿದೆಯೆ? ಹಾರ್ಡ್ ಎಂದರೆ ಅಲ್ಲಿ ಮರುಕವಿಲ್ಲದ ಹೆಂಗಸು; ನಮ್ಮಲ್ಲಿ ಗಟ್ಟಿಗಿತ್ತಿ ಎಂದರೆ ಹೆಣ್ಣಿಗೆ ಸಲ್ಲಬಹುದಾದ ಬಿರುದು. ಕ್ಯಾಲಸ್ ಎಂಬ ಪದ ಜಡ್ಡುಗಟ್ಟಿದ ಚರ್ಮದಿಂದ ಬಂದದ್ದಂತೆ: ಉಜ್ಜಿ ಉಜ್ಜಿ ದಪ್ಪಗಾದ ಚರ್ಮಕ್ಕೆ ಏನೂ ತಾಗುವುದಿಲ್ಲವಾದ್ದರಿಂದ, ಏನೂ ತಾಗದ ಮನಸ್ಸಿಗೂ ಅದೇ ಹೆಸರು. ಅತ್ತೆಯ ಅಂಗೈಯಲ್ಲಿ ಕುಡುಗೋಲು ಹಿಡಿದ, ಹಾಲು ಕರೆದ, ದೊಣ್ಣೆ ತಿರುಗಿಸಿದ ಜಡ್ಡಿದೆ. ಜ್ವರ ಬಂದ ಹಣೆಯ ಮೇಲೆ ಆ ಕೈ ಇಟ್ಟಾಗ ಅದು ಒರಟೆನ್ನಿಸುತ್ತಿತ್ತು, ಅಷ್ಟೇ. ಜ್ವರ ಎಷ್ಟಿದೆಯೆಂದು ಅವಳಿಗೆ ತಿಳಿಯದೇ ಇರುತ್ತಿರಲಿಲ್ಲ. ಹೊಸಹೊಳಲಿನ ಗುಡಿಗೆ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋದಾಗ ಯಾರೋ ಹೇಳಿದರು, ಆ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದಂತೆ, ಉಳಿಗೆ ಬೆಣ್ಣೆಯ ಹಾಗೆ ಒದಗುತ್ತದಂತೆ, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದಂತೆ. ಕಲ್ಲೆದೆ ಎಂದು ಯಾರನ್ನಾದರೂ ಕರೆಯುವ ಮೊದಲು ಯಾವ ಕಲ್ಲು, ಎಷ್ಟು ದಿನ ಗಾಳಿಗಿತ್ತು ಎಂದು ಕೇಳಬೇಕೆಂದು ಆ ದಿನ ಅನ್ನಿಸಿತು.

ಇಷ್ಟೆಲ್ಲ ಪದಚಮತ್ಕಾರ ಮಾಡಿಕೊಂಡು ನಾನು ಆರಾಮವಾಗಿದ್ದೆ. ಆಗ ಅತ್ತೆಯ ಮನೆಗೆ ಅಕ್ಷತಾ ಬಂದಳು.

ಅತ್ತೆಗೆ ಒಬ್ಬನೇ ಮಗ, ಮಂಜು; ಕೆ.ಆರ್.ಎಸ್.ನ ನೀರಾವರಿ ಕಚೇರಿಯಲ್ಲಿ ಕೆಲಸ. ಅವನು ಮೆಚ್ಚಿ ಮದುವೆಯಾದ ಹುಡುಗಿ ಮಂಗಳೂರಿನವಳು, ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಮನೆಮಾತು ತುಳು, ಕನ್ನಡವನ್ನು ಪುಸ್ತಕದಿಂದ ಕಲಿತವಳಾದ್ದರಿಂದ ಅವಳ ಮಾತಿನಲ್ಲಿ ಒಂದು ಅಕ್ಷರವೂ ಮುಕ್ಕಾಗಿರುವುದಿಲ್ಲ. ನಾವು ನುಂಗಿ ನೀರು ಕುಡಿದ ಹಕಾರಗಳೆಲ್ಲ ಅವಳ ಬಾಯಲ್ಲಿ ಕ್ಷೇಮವಾಗಿದ್ದವು. ಹಸುವನ್ನೂ ಬಹುವಚನದಲ್ಲಿ ಕರೆಯುತ್ತಾಳೆಂದು ಮಂಜು ಹಾಸ್ಯ ಮಾಡುತ್ತಿದ್ದ. ಮದುವೆಯಾದ ಹೊಸತರಲ್ಲಿ ನಾನು ಹೋಗಿದ್ದೆ. ಊಟಕ್ಕೆ ಕೂತಾಗ ಅಕ್ಷತಾ ಮುದ್ದೆಯ ತುಂಡೊಂದನ್ನು ಬಾಯಿಗಿಟ್ಟುಕೊಂಡು, ಚಪಾತಿಯನ್ನು ಅಗಿಯುವಂತೆ ಬಹಳ ಶ್ರದ್ಧೆಯಿಂದ ಅಗಿಯತೊಡಗಿದಳು. ಮುದ್ದೆಯನ್ನು ಅಗಿಯುವುದು ನಮ್ಮ ಕಡೆ ಕಂಡು ಕೇಳರಿಯದ ಸಂಗತಿ. ಅತ್ತೆ ದೊಣ್ಣೆ ಹಿಡಿದವಳೇ ತಿರುಗಿ, "ಅಯ್ಯೋ, ಅಗೀಬ್ಯಾಡ ಕಣಮ್ಮಿ, ಅದೇನು ಎಲೆಅಡಿಕೆಯಾ! ನುಂಗು! ನುಂಗೇ ಅಂದ್ರೆ!" ಎಂದು ಕೂಗಿದಳು. ಅಕ್ಷತಾಳ ಗಂಟಲಲ್ಲಿ ಆ ತುತ್ತು ಅಲ್ಲಿಯೇ ನಿಂತುಹೋಯಿತು, ಕಣ್ಣಲ್ಲಿ ನೀರು. ಅತ್ತೆ ಬೆನ್ನು ತಟ್ಟುತ್ತ, "ಒಂದ್ ತುತ್ತು ನುಂಗಕ್ ಬರದೋಳ ಕೈಗೆ ಮಕ್ಳ ಕೊಟ್ಟವ್ರಲ್ಲ ಇಸ್ಕೂಲ್ನೋರು, ಅವ್ರ ಮನೆ ಕಾಯೋಗ" ಎಂದಳು. ನಾನು ನಕ್ಕೆ. ಮಂಜು ನಕ್ಕ. ಅಕ್ಷತಾ ಎದ್ದು ಕೈತೊಳೆಯಲು ಹೋದವಳು ಬಹಳ ಹೊತ್ತು ಹಿತ್ತಿಲಿನಲ್ಲೇ ಇದ್ದಳು.

ಆಮೇಲೆ ಒಂದು ವರ್ಷವೋ ಇನ್ನೂ ಹೆಚ್ಚೋ ಕಳೆದಿರಬೇಕು. ಅಕ್ಷತಾ ಬಸುರಿ. ಸೀಮಂತ ಮುಗಿದು, ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವ ದಿನ ಹತ್ತಿರವಾಗಿತ್ತು. ನಾನು ಶ್ರೀರಂಗಪಟ್ಟಣದಲ್ಲೇ ಇರುವುದರಿಂದ ಶಾಲೆ ಬಿಟ್ಟ ಮೇಲೆ ಅವಳು ಆಗಾಗ ನಮ್ಮ ಮನೆಗೆ ಬರುವುದಿತ್ತು. ಒಂದು ಶನಿವಾರ, ಎಲ್ಲಾದರೂ ಗಾಳಿಗೆ ಕೂರೋಣ ಅಕ್ಕ ಎಂದಳು. ಆಟೋದಲ್ಲಿ ಕರಿಘಟ್ಟದ ಮೇಲಕ್ಕೆ ಹೋದೆವು. ಕೆಳಗೆ ಲೋಕಪಾವನಿ ಸದ್ದಿಲ್ಲದೆ ಬಂದು ಕಾವೇರಿಗೆ ಸೇರುತ್ತಿತ್ತು. ಎರಡು ನೀರು ಕೂಡುವ ಕಡೆ ಸ್ವಲ್ಪ ದೂರ ಎರಡು ಬಣ್ಣ ಕಾಣುತ್ತದೆಂದು ನನ್ನ ನೆನಪು. ಆ ದಿನವೂ ಕಂಡಿತ್ತೆ ಎಂದು ಕೇಳಿದರೆ ಪ್ರಮಾಣ ಮಾಡಲಾರೆ.

"ಅಕ್ಕ, ನಿಮಗೆ ಬೇಜಾರಾಗ್ಬಾರ್ದು" ಎಂದಳು. "ಬಾಣಂತನ ಮುಗಿದ ಮೇಲೆ ನಾನು ಆ ಮನೆಗೆ ಬರುದಿಲ್ಲ. ಮೈಸೂರಲ್ಲಿ ಒಂದು ಸಣ್ಣ ಮನೆ ನೋಡಿದ್ದೇವೆ. ಮಂಜು ಒಪ್ಪಿದ್ದಾರೆ. ಅತ್ತೆಗೆ ಇನ್ನೂ ಹೇಳ್ಲಿಲ್ಲ."

ನಾನು ಏನು ಕೇಳಿದೆನೋ ನೆನಪಿಲ್ಲ. ಅವಳ ಉತ್ತರ ಮಾತ್ರ ಕಿವಿಯಲ್ಲಿದೆ. "ಅವರು ಕೆಟ್ಟವರಲ್ಲ ಅಂತ ನನಗೂ ಗೊತ್ತುಂಟು. ಆದ್ರೆ ಮನೆಯೊಳಗೆ ಹೊತ್ತು ಹುಟ್ಟಿದ್ರೆ ಮುಳುಗುವ ತನಕ ಯಾರೋ ನನ್ನ ಮೇಲೆ ಕಲ್ಲು ಬಿಸಾಡಿದ ಹಾಗೆ ಆಗ್ತದೆ ಅಕ್ಕ. ಪ್ರೀತಿಯ ಕಲ್ಲೇ ಇರ್ಬಹುದು. ತಾಗುದಂತೂ ತಾಗ್ತದಲ್ಲ?"

ತಣ್ಣಗೆ, ಗಟ್ಟಿ, ಜಡ್ಡು ಎಂದು ನಾನು ಪೋಣಿಸಿಟ್ಟುಕೊಂಡ ಮುತ್ತುಗಳೆಲ್ಲ ಅತ್ತೆಯ ಕಡೆಯಿಂದ ನೋಡಿ ಆಯ್ದಂಥವು. ಕಲ್ಲು ತಾಗಿದವರ ಕಡೆಯಿಂದ ನಾನು ಒಂದನ್ನೂ ನೋಡಿರಲಿಲ್ಲ. ಬೈಗುಳದೊಳಗಿನ ಪ್ರೀತಿ ಬೈಗುಳದ ಭಾಷೆ ಬಲ್ಲವರಿಗೆ ಮಾತ್ರ ಕಾಣುತ್ತದೆ. ಮಿಕ್ಕವರಿಗೆ ಸಿಪ್ಪೆಯೇ ಹಣ್ಣು.

ಮರುದಿನವೋ ಅದರ ಮರುದಿನವೋ ಅತ್ತೆಯ ಮನೆಗೆ ಹೋದೆ. ಅತ್ತೆ ಜಗುಲಿಯ ಮೇಲೆ ಅಟ್ಟದಿಂದ ಇಳಿಸಿದ ತೊಟ್ಟಿಲನ್ನಿಟ್ಟುಕೊಂಡು, ಹಳೆಯ ಸೀರೆಯ ಚಿಂದಿಯಿಂದ ಹರಳೆಣ್ಣೆ ತಿಕ್ಕುತ್ತಿದ್ದಳು. ಮಂಜು ಮಲಗಿದ್ದ ತೊಟ್ಟಿಲು. ನನ್ನನ್ನು ಕಂಡವಳೇ ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ; ಮುಖದ ಗಂಟೆಲ್ಲ ಸಡಿಲಿ, "ಕೇಳಮ್ಮಿ ಇಲ್ಲಿ" ಎಂದು ಶುರುಮಾಡಿದಳು.

"ನಿನ್ನೆ ಅವ್ಳು ಅವ್ರವ್ವನ ತಾವ ಫೋನ್ನಲ್ಲಿ ಮಾತಾಡ್ತಾ ಇದ್ಲು. ಅವ್ರ ಭಾಸೆ ನಂಗೇನ್ ತಿಳೀತದೆ, ಬಾವಿಯೊಳಿಕೆ ಕೊಡ ಮುಳುಗ್ದಂಗೆ ಬುಳುಬುಳು ಅಂತದೆ. ಮಾಮಿ ಅಂದ್ರೆ ಅತ್ತೆ ಅಂತ ಮಂಜ ಯೋಳಿದ್ದ. ಅದೊಂದು ಗೊತ್ತು ನಂಗೆ. ಇದ್ದಕ್ಕಿದ್ದಂಗೆ ‘ಮಾಮಿ ಭಾರಿ ರೂಡ್’ ಅಂದ್ಲು! ಎರಡು ಸತಿ ಅಂದ್ಲು. ಅತ್ತೆ ಭಾರಿ ರೂಢಿ! ಬಂದ ವೊಸದ್ರಲ್ಲಿ ನಾನು ಬಾಯ್ ತೆಗುದ್ರೆ ಬೆಚ್ಚಿ ಬೀಳೋಳು ಕಣಮ್ಮಿ. ಈಗ ರೂಢಿ ಆಗೋಗವ್ಳೆ ನೋಡು. ಇನ್ನೇನು ಬುಡು, ಮಗೀನ ಎತ್ಕೊಂಡು ಬಂದ್ಬುಟ್ರೆ ಸಾಕು."

ಓದುವ ನೀವು ಆಗಲೇ ನಕ್ಕಿರುತ್ತೀರಿ. ನನಗೂ ನಗು ಬರಬೇಕಿತ್ತು. ನಿರ್ದಯರ ಸಾಲಿನಲ್ಲಿ ಎಲ್ಲಕ್ಕಿಂತ ಸಣ್ಣ ಪದ ಅದು, ಆ ಸಂತೆಯಲ್ಲಿ ಕೊಸರಿಗೆ ಕೊಡುವ ಮೆಣಸಿನಕಾಯಿಯಂಥದ್ದು: ರೂಡ್, ಒರಟು. ಮಂಗಳೂರಿಗೆ ಹೊರಟಿದ್ದ ಆ ದೂರು ದಾರಿ ತಪ್ಪಿ ಅತ್ತೆಯ ಕಿವಿಗೆ ಬಿದ್ದು, ಒಂದು ಗುಡಿಸನ್ನು ಉಟ್ಟುಕೊಂಡು ರೂಢಿಯಾಗಿಬಿಟ್ಟಿತ್ತು. ಸಂಜೆಯೊಳಗೆ ಡೇರಿಯ ಮುಂದೆ, ನಾಲೆಯ ಮೆಟ್ಟಿಲ ಮೇಲೆ, ಪಕ್ಕದ ಮನೆಯ ಅಂಗಳದಲ್ಲಿ ಅವಳು ಅದನ್ನು ಹಂಚಿಯಾಗಿತ್ತು: "ನನ್ ಸೊಸೆ ಯೋಳ್ತಾವ್ಳೆ, ಅತ್ತೆ ಭಾರಿ ರೂಢಿ ಅಂತ!" ತಿದ್ದುವುದು ನನ್ನ ವೃತ್ತಿ. ಕೆಂಪು ಪೆನ್ನು ಹಿಡಿದೇ ಹೊಟ್ಟೆ ಹೊರೆಯುವವಳು. ಆದರೆ ಎಣ್ಣೆ ಕುಡಿದು ಹೊಳೆಯುತ್ತಿದ್ದ ಆ ತೊಟ್ಟಿಲಿನ ಮುಂದೆ ಯಾವ ತಪ್ಪನ್ನು ತಿದ್ದುವುದು? ಅತ್ತೆಯ ಕಿವಿಯದನ್ನೋ, ಅಕ್ಷತಾಳ ಬಾಯಿಯದನ್ನೋ?

ಹೊರಡುವ ಬೆಳಿಗ್ಗೆ ನಾನೂ ಇದ್ದೆ. ಅಕ್ಷತಾಳ ಅಪ್ಪ ಕಾರು ತಂದಿದ್ದರು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು. ಅತ್ತೆ ಕಾರಿನ ಹಿಂದುಗಡೆ ತುಪ್ಪ, ಬೆಲ್ಲ, ತಾನೇ ಬೀಸಿಸಿಕೊಂಡು ಬಂದ ರಾಗಿಹಿಟ್ಟಿನ ಚೀಲ ತುಂಬಿಸಿ, "ಆ ಸಮುದ್ರದ ದಡದಲ್ಲಿ ಒಳ್ಳೆ ರಾಗಿ ಎಲ್ಲಿ ಸಿಕ್ಬೇಕು, ಮೀನು ತಿಂದ್ಕಂಡು ಕುಂತ್ಕತ್ತಾಳೆ" ಎಂದು ಬೀಗರಿಗೆ ಕೇಳುವಂತೆಯೇ ಗೊಣಗಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಯಾಕೆ ಕಂಬ ನಿಂತಂಗೆ ನಿಂತಿದ್ದೀಯೆ? ಒಂಡತ್ಲಾಗೆ! ಘಾಟಿ ರಸ್ತೆ, ಬಿಸ್ಲು ಏರೋಗಂಟ ಇಲ್ಲೇ ಇರ್ತೀಯಾ?" ಎಂದಳು. ಬೀಗರು ಸ್ವಲ್ಪ ಬೆಚ್ಚಿದರು. ಅತ್ತೆಯ ದನಿ ಅಲ್ಲಿಗೇ ಇಳಿಯಿತು. "ಅಲ್ಲಿ ನಿಮ್ಮವ್ವ ಬೋ ಮೆತ್ತಗೆ ಮಾತಾಡ್ತಾರಂತೆ. ಅದ್ನೇ ಕೇಳ್ಕೊಂಡು ನನ್ ಮಾತು ಮರ್ತುಬುಟ್ಟೀಯೆ. ಆಮ್ಯಾಕೆ ತಿರ್ಗ ಮೊದ್ಲಿಂದ ರೂಢಿ ಮಾಡ್ಕಬೇಕಾಯ್ತದೆ. ಆಗ್ಲೇ ಆಗಿರೋ ರೂಢಿ ಕಣಮ್ಮಿ, ಕೆಡಿಸ್ಕಬ್ಯಾಡ. ನೀನೇ ಅಂದ್ಯಲ್ಲ ಫೋನ್ನಲ್ಲಿ, ಮಾಮಿ ಭಾರಿ ರೂಢಿ ಅಂತ. ಕೇಳಿಸ್ಕಂಡೆ ನಾನು."

ಅಕ್ಷತಾಳ ಮುಖದಲ್ಲಿ ಆ ಪದ ಒಳಗೆ ಹೋಗಿ, ತನ್ನ ಜೋಡಿ ಪದವನ್ನು ಹುಡುಕಿ, ಕಂಡು, ನಿಂತದ್ದನ್ನು ನಾನು ನೋಡಿದೆ. ಅವಳು ನನ್ನ ಕಡೆ ತಿರುಗಿದಳು. ಅತ್ತೆಗೆ ಗೊತ್ತೇ ಎಂಬ ಪ್ರಶ್ನೆ ಆ ಕಣ್ಣಲ್ಲಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ, ಆಡಿಸಿದೆ ಎಂದುಕೊಂಡಿದ್ದೇನೆ. ಅವಳ ಅಮ್ಮ ಬಂದಿರಲಿಲ್ಲ. ಅಪ್ಪ ಮಾತ್ರ ಕಾರಿನ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತ ಹೊಗೆಸೊಪ್ಪಿನ ಹೊಲದ ಕಡೆ ನೋಡುತ್ತ ನಿಂತಿದ್ದರು. ಅದು ಕಬ್ಬಿನ ಹೊಲವಿರಬೇಕು, ನಮ್ಮ ಕಡೆ ಹೊಗೆಸೊಪ್ಪು ಯಾರು ಬೆಳೆಯುತ್ತಾರೆ. ನೋಡಿ, ನನ್ನ ನೆನಪು ಹೀಗೆ. ಅಕ್ಷತಾ ಅತ್ತೆಯ ಕಾಲಿಗೆ ನಮಸ್ಕರಿಸಲು ಬಗ್ಗಿದಳು.

"ಬಗ್ಗಬ್ಯಾಡ ಕಣೆ, ಒಟ್ಟೆ! ನಿನ್ ಮನೆ ಕಾಯೋಗ" ಎಂದು ಅತ್ತೆ ಅವಳ ಎರಡೂ ರಟ್ಟೆ ಹಿಡಿದು ನಿಲ್ಲಿಸಿದಳು.

"ಹೌದು ಅತ್ತೆ" ಎಂದಳು ಅಕ್ಷತಾ. "ರೂಢಿ ಆಗಿದೆ. ಮರೆಯುದಿಲ್ಲ."

ಕಾರು ಹೋಯಿತು. ಅವಳು ಸುಳ್ಳು ಹೇಳಿದಳೋ, ಹೇಳುತ್ತ ಹೇಳುತ್ತಲೇ ಅದು ನಿಜವಾಯಿತೋ, ನನಗೆ ತಿಳಿಯಲಿಲ್ಲ. ಸಭ್ಯತೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಭಾಗ ಇಂಥ ಸುಳ್ಳು, ಎಷ್ಟು ಭಾಗ ಇಂಥ ನಿಜ ಎಂದು ಅಳೆಯುವ ತಕ್ಕಡಿ ನನ್ನ ಬಳಿ ಇಲ್ಲ.

ಹೆಣ್ಣು ಮಗು ಹುಟ್ಟಿತು. ಅತ್ತೆ ಹೋಗಿ ನೋಡಿಕೊಂಡು ಬಂದಳು. ಅಲ್ಲಿಂದೀಚೆಗೆ ದಿನವೂ ಫೋನು. ಮಂಗಳೂರು ದೂರವೆಂದು ಅವಳ ದನಿ ಇನ್ನಷ್ಟು ದೊಡ್ಡದಾಗುತ್ತಿತ್ತು. ಘಟ್ಟದ ಕೆಳಗಿನವರಿಗೆ ಫೋನಿಲ್ಲದೆಯೂ ಕೇಳಿಸಬಹುದೆಂದು ಮಂಜು ಹೇಳುತ್ತಿದ್ದ. ಮೈಸೂರಿನ ಮನೆಯ ಸುದ್ದಿಯನ್ನು ಅವನಾಗಲಿ ನಾನಾಗಲಿ ಎತ್ತಲಿಲ್ಲ. ತೊಟ್ಟಿಲು ನಡುಮನೆಯ ತೊಲೆಗೆ ಕಟ್ಟಿಸಿಕೊಂಡು, ಖಾಲಿಯಾಗಿ, ಗಾಳಿಗೆ ಅಷ್ಟಷ್ಟು ಆಡುತ್ತ ಕಾಯುತ್ತಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅತ್ತೆಯನ್ನು ಕಣ್ಣು ತೋರಿಸಲು ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಕರೆತರುತ್ತಿದ್ದೆ. ಕಂಡಕ್ಟರು ಯಾರೋ ಮುದುಕಿಯ ಮೇಲೆ ಚಿಲ್ಲರೆಗಾಗಿ ರೇಗಿದ. ಅತ್ತೆ ನನ್ನ ಕಡೆ ಬಾಗಿ, ಅವಳ ಮಟ್ಟಿಗೆ ಪಿಸುಮಾತಿನಲ್ಲಿ, ಎಂದರೆ ಡ್ರೈವರಿಗೆ ಕೇಳುವಷ್ಟು ಮೆಲ್ಲಗೆ, "ಬೋ ರೂಡು ಕಣಮ್ಮಿ ಇವ್ನು" ಎಂದಳು.

ನಾನು ತಿರುಗಿ ನೋಡಿದೆ. "ರೂಡು ಅಂದ್ರೇನತ್ತೆ?"

"ನೋಡು ಇವ್ಳ, ಇಂಗ್ಲೀಸ್ ಮೇಷ್ಟ್ರು ನನ್ನ ಕೇಳ್ತಾವ್ಳೆ! ಟೀವಿ ನೋಡಾಕಿಲ್ವಾ ನೀನು? ಸೀರಿಯಲ್ನಲ್ಲಿ ಆ ಹುಡ್ಗಿ ದಿನಾ ಅನ್ನಾಕಿಲ್ವಾ, ಯಾಕೆ ಇಷ್ಟು ರೂಡಾಗಿ ಮಾತಾಡ್ತೀರ ಅಂತ." ಅಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು. "ಗಾಜು ಎಳಿ. ಧೂಳು."

ನಾನು ಗಾಜು ಎಳೆದೆ. ಆ ಪದ ಅವಳಿಗೆ ಮೊದಲೇ ಗೊತ್ತಿತ್ತೆ? ಫೋನಿನ ಮಾತು ಕೇಳಿದ ದಿನ, ನೆಟ್ಟಗೆ ಎದೆಗೆ ತಾಗಿದ ಕಲ್ಲನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇದು ಕಲ್ಲಲ್ಲ, ಬೆಲ್ಲದಚ್ಚು ಎಂದು ತೀರ್ಮಾನಿಸಿ ಊರಿಗೆಲ್ಲ ಹಂಚಿದಳೆ? ಅಥವಾ ಸೀರಿಯಲ್ಲಿನ ಹುಡುಗಿ ಆ ಪದವನ್ನು ಕಲಿಸಿದ್ದೇ ಆಮೇಲೆಯೆ? ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಕೆಲವು ಪ್ರಶ್ನೆಗಳು ಉತ್ತರಕ್ಕಿಂತ ಹೆಚ್ಚು ಕಾಲ ಬಾಳುತ್ತವೆ, ಬಾಳಲಿ. ನನಗೆ ಗೊತ್ತಿರುವುದಿಷ್ಟು: ಕಿಟಕಿಯ ಕಡೆ ಮುಖ ತಿರುಗಿಸಿದವಳ ಕೈಗೆ ಏರಿಸಬಹುದಾದ ಬಳೆ ನಾನು ಓದಿದ ಯಾವ ಭಾಷೆಯಲ್ಲೂ ಇರಲಿಲ್ಲ.

ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಅಕ್ಷತಾ ಬಂದಳು. ಮೈಸೂರಿಗಲ್ಲ, ಅತ್ತೆಯ ಮನೆಗೇ. ಏಕೆಂದು ನಾನು ಕೇಳಿದ್ದಕ್ಕೆ, "ಆ ಮೈಸೂರಿನ ಮನೆಯವರು ಬೇರೆಯವರಿಗೆ ಕೊಟ್ರಂತೆ ಅಕ್ಕ. ಎಷ್ಟು ಪೊಲೈಟಾಗಿ ಇಲ್ಲ ಅಂದ್ರು ಗೊತ್ತುಂಟಾ, ಕೋಪ ಮಾಡ್ಲಿಕ್ಕೂ ಆಗ್ಲಿಲ್ಲ" ಎಂದು ನಕ್ಕಳು. ಬೇರೆ ಮನೆ ನೋಡಬಹುದಿತ್ತಲ್ಲ ಎಂದೆ. "ನೋಡ್ಲಿಲ್ಲ" ಎಂದಳು. ನನ್ನ ಈ ಪ್ರಬಂಧಕ್ಕೆ ಅನುಕೂಲವಾಗುವಂಥ ಕಾರಣ ಹೇಳಬೇಕೆಂಬ ಹಂಗು ಅವಳಿಗೇನಿದೆ?

ಕಳೆದ ಭಾನುವಾರ ಹೋಗಿದ್ದೆ. ಇದನ್ನು ಅಂದೇ ಬರೆದಿಟ್ಟುಕೊಂಡಿದ್ದೇನೆ. ಈ ಸಲ ಊಟಕ್ಕೇನಿತ್ತೆಂದು ಬರೆಯಲು ಮರೆತಿದ್ದೇನೆ. ಅತ್ತೆ ತೊಟ್ಟಿಲ ಬಳಿ ಕೂತು ಮೊಮ್ಮಗಳಿಗೆ ತನ್ನ ಬೈಗುಳದ ಪಾಠಗಳನ್ನು ಮೊದಲಿನಿಂದ ಒಪ್ಪಿಸುತ್ತಿದ್ದಳು, ಕೂಸು ಕೇಕೆ ಹಾಕುತ್ತಿತ್ತು. ಅಡುಗೆಮನೆಯಲ್ಲಿ ಅಕ್ಷತಾ ಸೆರಗು ಸಿಕ್ಕಿಸಿಕೊಂಡು, ಪಾತ್ರೆಯನ್ನು ಒತ್ತಿ ಹಿಡಿದು, ದೊಣ್ಣೆಯಿಂದ ಹಿಟ್ಟು ತೊಳಸುತ್ತಿದ್ದಳು. ಅತ್ತೆ ಕೂತಲ್ಲಿಂದಲೇ ಕೂಗಿದಳು: "ಅಂಗೆ ಸವರ್ದಂಗೆ ತಿರುವ್ಬ್ಯಾಡ, ಗಂಟಾಯ್ತದೆ! ರಟ್ಟೆ ಬುಟ್ಟು ತೊಳ್ಸೇ! ಏಯ್, ಕೇಳಿಸ್ತಾ? ಅಡಿ ಇಡೀತದೆ ಕಣೆ!"

ಅಕ್ಷತಾ ದೊಣ್ಣೆಯನ್ನು ಪಾತ್ರೆಯಿಂದ ಎತ್ತಿ, ಹಬೆಯಾಡುವ ಹಿಟ್ಟು ತುದಿಯಿಂದ ತೊಟ್ಟಿಕ್ಕುತ್ತಿರಲು, ಬಾಗಿಲಿಗೆ ಬಂದು ನಿಂತಳು. "ಅತ್ತೆ, ಒಂದು ನಿಮಿಷ ಬಾಯಿ ಮುಚ್ಚಿ ಕೂತ್ಕೊಳ್ತೀರಾ ದಯವಿಟ್ಟು! ನಿಮ್ಮ ಮನೆ ಕಾಯೋಗ!"

ಬಹುವಚನದಲ್ಲಿ ಹಾಕಿದ ಆ ಶಾಪ, ದಯವಿಟ್ಟು ಎಂಬ ಮರ್ಯಾದೆಯ ಕೈಹಿಡಿದು, ನಡುಮನೆಯಲ್ಲಿ ನಿಂತಿತು. ಹೇಳಿದವಳೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ತೊಟ್ಟಿಲು ತೂಗುತ್ತಿದ್ದ ಅತ್ತೆಯ ಕೈ ನಿಂತಿತು. ಅವಳು ಸೊಸೆಯನ್ನು ಮೇಲಿಂದ ಕೆಳಕ್ಕೆ ನೋಡಿದಳು, ದೊಣ್ಣೆಯನ್ನು ನೋಡಿದಳು.

"ತಪ್ಪು" ಎಂದಳು. ಮುಖ ಗಂಟಿಕ್ಕಿಯೇ ಇತ್ತು. "ನಿಮ್ಮನೆ ಅಲ್ಲ ಕಣಮ್ಮಿ. ನಮ್ಮನೆ. ನಮ್ಮನೆ ಕಾಯೋಗ, ಅನ್ನು."

ಅಕ್ಷತಾ ಅಂದಳು. ನಗುತ್ತ ಒಂದು ಸಲ, ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಸಲ. ಅಷ್ಟರಲ್ಲಿ ಒಳಗೆ ಹಿಟ್ಟು ಅಡಿ ಹಿಡಿದ ವಾಸನೆ ಬಂತು. ಅಂದಿನ ಮುದ್ದೆಯಲ್ಲಿ ತುತ್ತುತುತ್ತಿಗೂ ಗಂಟು. ಮೂವರೂ ಕೂತು ಉಂಡೆವು, ಯಾರೂ ಅಗಿಯಲಿಲ್ಲ.